ಚಕ್ರಕ್ಕೆ ಕಲ್ಲು ಕೊಡುತ್ತಿದ್ದ ಅಕ್ಕ

ಹುಣಸೂರಿನಲ್ಲಿ ಹೆಂಗಸರಿಗೆ ಕಾರು ಕಲಿಸುತ್ತಿದ್ದ ಅಕ್ಕ ಹೋದ ಮಾಗಿಯಲ್ಲಿ ತೀರಿಕೊಂಡರು. ಅವರ ಹೆಸರನ್ನು ನಾನಿಲ್ಲಿ ಬರೆಯುತ್ತಿಲ್ಲ. ಬರೆದಿದ್ದರೆ ಅವರಿಗೇನೂ ಬೇಜಾರಾಗುತ್ತಿರಲಿಲ್ಲ. ತರಬೇತಿ ಕಾರಿನ ನಾಲ್ಕೂ ಕಡೆ ಅದನ್ನು ಕೆಂಪಕ್ಷರದಲ್ಲಿ ಬರೆಸಿಕೊಂಡಿದ್ದವರು ಅವರು. ಆದರೆ ಆ ಹೆಸರು ಹಿಡಿದು ಅವರನ್ನು ಕೂಗಿದವರನ್ನು ನಾನು ನೋಡಿಲ್ಲ. ಎಲ್ಲರಿಗೂ ಅವರು ಅಕ್ಕ. ಅವರಿಗಿಂತ ದೊಡ್ಡ ವಯಸ್ಸಿನವರೂ ಅಕ್ಕ ಎಂದೇ ಕರೆಯುತ್ತಿದ್ದರು. ಅದನ್ನು ಅವರು ತಿದ್ದುತ್ತಲೂ ಇರಲಿಲ್ಲ.

ನಾನು ಅವರ ಹತ್ತಿರ ಹೋದಾಗ ನನಗೆ ಎಚ್.ಡಿ. ಕೋಟೆ ಕಡೆಯ ಒಂದು ಹಳ್ಳಿಯ ಆರೋಗ್ಯ ಕೇಂದ್ರಕ್ಕೆ ವರ್ಗವಾಗಿತ್ತು. ಅಲ್ಲಿ ನಾನು ಲ್ಯಾಬ್ ಟೆಕ್ನಿಷಿಯನ್. ಮನೆ ಹುಣಸೂರಿನಲ್ಲಿ. ಬೆಳಗಿನ ಬಸ್ಸು ತಪ್ಪಿದರೆ ಮುಂದಿನದು ಯಾವಾಗ ಬರುತ್ತದೆಂದು ಆ ಬಸ್ಸಿನ ಕಂಡಕ್ಟರಿಗೂ ಗೊತ್ತಿರುತ್ತಿರಲಿಲ್ಲ. ನಾನು ತಡವಾಗಿ ಹೋದಷ್ಟು ಹೊತ್ತೂ ಕಾಡಿನ ಹಾಡಿಗಳಿಂದ ನಡೆದು ಬಂದ ಜನ ಜಗುಲಿಯ ಮೇಲೆ ಕಾಯುತ್ತಾ ಕೂತಿರುತ್ತಿದ್ದರು. ಕೊನೆಗೆ ನನ್ನ ಗಂಡ ಒಂದು ಹಳೆಯ ಕಾರು ಕೊಂಡು ತಂದು ಮನೆ ಮುಂದೆ ನಿಲ್ಲಿಸಿ, "ಇನ್ನು ನೀನುಂಟು, ನಿನ್ನ ರೋಡುಂಟು" ಎಂದರು. ಅವರೇ ಕಲಿಸಲು ನೋಡಿದರು. ಎರಡನೇ ದಿನವೇ ನಾವಿಬ್ಬರೂ ಮಾತು ಬಿಟ್ಟೆವು. ಮೂರನೇ ದಿನ ನಾನು ಅಕ್ಕನ ಮುಂದೆ ನಿಂತಿದ್ದೆ.

ಊರಾಚೆಯ ಬಯಲಿಗೆ ಕರೆದುಕೊಂಡು ಹೋದರು. ನಾನು ಡ್ರೈವರ್ ಸೀಟಿನ ಬಾಗಿಲಿಗೆ ಕೈ ಹಾಕಿದೆ.

"ಅಲ್ಲಲ್ಲ. ಇಂದಕ್ ಬಾರವ್ವ."

ಹಿಂದಕ್ಕೆ ಹೋದೆ. ಡಿಕ್ಕಿ ತೆಗೆದು, ಕೆಳಗಿನ ಹಾಸು ಎತ್ತಿದರು. "ಇದು ಸ್ಟೆಪ್ನಿ. ಇದು ಜಾಕು. ಇದು ನಟ್ಟು ಬಿಚ್ಚೋ ಪಾನಾ. ಈ ಗೋಣಿಚೀಲದಲ್ಲಿರೋದು ಕಲ್ಲು ಮತ್ತೆ ಒಂದು ಹಲಗೆ. ಕಲ್ಲು ಹಲಗೆ ಕಂಪ್ನಿಯವ್ರು ಕೊಡಲ್ಲ. ನಮ್ಮೂರಿಂದ ತಂದಿದ್ದು."

"ಅಕ್ಕ, ನಾನು ಓಡಿಸೋದು ಕಲಿಯೋಕೆ ಬಂದಿರೋದು."

"ಓಡೋ ಗಾಡಿ ಒಂದಿನ ನಿಂತ್ಕತದೆ ಕಣವ್ವ. ಆಗ ನಾನು ಪಕ್ಕದಲ್ಲಿ ಇರಾಕಿಲ್ಲ. ಅದ್ಕೇ ಅದು ಮೊದ್ಲು."

ಐವತ್ತು ದಾಟಿದ ಹೆಂಗಸು. ಕುಳ್ಳು, ಗಟ್ಟಿ ಮೈ. ಚೂಡಿದಾರದ ಮೇಲೆ ಗಂಡಸರ ತುಂಬುತೋಳಿನ ಅಂಗಿ, ತಲೆಗೆ ಟವೆಲ್ಲು, ಆ ಟವೆಲ್ಲಿನ ಕೆಳಗಿಂದ ಇಣುಕುವ ಒಂದು ಗೇಣು ಕನಕಾಂಬರ. ಅವತ್ತು ಅವರು ಬಯಲಿನ ಹುಲ್ಲಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು. ನಾನು ಟಯರು ಬಿಚ್ಚಿ ಹಾಕುವುದನ್ನು ಕಲಿತೆ. ನನ್ನ ಹಾಗೇ ಹೊಸದಾಗಿ ಸೇರಿದ್ದ ಇನ್ನೊಬ್ಬಾಕೆ ಬೈಲಕುಪ್ಪೆಯ ಟಿಬೆಟನ್ ಹೆಂಗಸು, ಕೊಪ್ಪದಲ್ಲಿ ಸ್ವೆಟರ್ ಅಂಗಡಿ ಇಟ್ಟವಳು. ಆಕೆ ನನ್ನ ಕಿವಿಯಲ್ಲಿ, "ನಮ್ಮನ್ನ ಪಂಚರ್ ಅಂಗಡಿಗೆ ಸೇರಿಸ್ಕೊಂಡವ್ರೆ ಕಣಕ್ಕ" ಅಂದಳು. ನಕ್ಕುಬಿಟ್ಟೆ. ಅಕ್ಕನೂ ನಕ್ಕರು, ಆದರೆ ಬಿಡಲಿಲ್ಲ.

ಹ್ಯಾಂಡ್‌ಬ್ರೇಕ್ ಎಳೆದು ಗೇರಿಗೆ ಹಾಕಿ ಇಳಿಯಬೇಕು. ಒಳಗೆ ಕೂತವರು ಎಲ್ಲರೂ ಇಳಿಯಬೇಕು, ಮೊಮ್ಮಗನಿಂದ ಅಜ್ಜಿಯವರೆಗೆ. ಯಾವ ಚಕ್ರ ಎತ್ತುತ್ತೀರೋ ಅದರ ಮೂಲೆಗೆ ಎದುರಾದ ಚಕ್ರಕ್ಕೆ ಮುಂದೊಂದು, ಹಿಂದೊಂದು ಕಲ್ಲು ಕೊಡಬೇಕು. ನೆಲ ಮೆತ್ತಗಿದ್ದರೆ ಜಾಕಿನಡಿ ಹಲಗೆ. ಗಾಡಿ ಎತ್ತುವ ಮುಂಚೆಯೇ ನಟ್ಟುಗಳನ್ನು ಒಂದು ಸುತ್ತು ಸಡಿಲ ಮಾಡಬೇಕು, ಯಾಕೆಂದರೆ ಎತ್ತಿದ ಮೇಲೆ ಜಗ್ಗಿದರೆ ನಟ್ಟಿನ ಜೊತೆ ಗಾಡಿಯೂ ಜಗ್ಗುತ್ತದೆ. ನನ್ನ ಕೈಯಲ್ಲಿ ನಟ್ಟು ಅಲ್ಲಾಡಲಿಲ್ಲ. ಅಕ್ಕ ಪಾನಾವನ್ನು ಅಡ್ಡಕ್ಕೆ ಸಿಕ್ಕಿಸಿ, "ಕೈಲಾಗ್ದಿದ್ರೆ ಕಾಲ್ ಮಡಗಿ ಮೈ ತೂಕ ಹಾಕು. ದೇವ್ರು ನಮ್ಗೆ ಇಷ್ಟೊಂದು ತೂಕ ಯಾತಕ್ಕೆ ಕೊಟ್ಟವ್ನೆ ಮತ್ತೆ?" ಅಂದರು. ಕಿರ್ರ್ ಎಂದು ನಟ್ಟು ತಿರುಗಿತು. ಆ ಸದ್ದು ಕೇಳಿ ನನಗಾದ ಸಂತೋಷ, ಆಮೇಲೆ ಮೊದಲ ಸಲ ಗಾಡಿ ಮುಂದೆ ಹೋದಾಗಲೂ ಆಗಲಿಲ್ಲ.

ಜಾಕನ್ನು ಎಲ್ಲೆಂದರಲ್ಲಿ ಕೊಡುವಂತಿಲ್ಲ. ಬಾಗಿಲಿನ ಕೆಳಗಿನ ಅಂಚಿನಲ್ಲಿ ಗುರುತು ಇರುತ್ತದೆ, ಅಲ್ಲಿಗೇ ಕೊಡಬೇಕು. ಎದ್ದ ಗಾಡಿಯ ಅಂಚಿನಡಿ ಸ್ಟೆಪ್ನಿಯನ್ನು ಮಲಗಿಸಿ ತಳ್ಳಬೇಕು. ಜಾಕು ಜಾರಿದರೆ ಗಾಡಿ ಟಯರಿನ ಮೇಲೆ ಕೂರುತ್ತದೆ, ಮನುಷ್ಯರ ಮೇಲೆ ಕೂರುವುದಿಲ್ಲ. ಸ್ಟೆಪ್ನಿ ಹಾಕುವಾಗ ಬಿಚ್ಚಿದ ಟಯರು ಆ ಜಾಗಕ್ಕೆ ಹೋಗಬೇಕು. ಗಾಡಿಯ ಕೆಳಗೆ ತಲೆ ಬೇಡ, ಕೈ ಬೇಡ, ಬಿದ್ದ ಬಳೆ ಹುಡುಕಲು ಒಂದು ಬೆರಳೂ ಬೇಡ.

"ಜಾಕು ಇರೋದು ಎತ್ತಾಕೆ ಕಣವ್ವ, ಹೊತ್ಕಂಡಿರಾಕಲ್ಲ." ಇದು ಅವರ ಮಂತ್ರ. ಪಾಠದಲ್ಲಿ ಹೇಳುತ್ತಿದ್ದರು, ಪಾಠ ಮುಗಿದು ಟೀ ಕುಡಿಯುವಾಗ ಹೇಳುತ್ತಿದ್ದರು. ಒಂದು ಸಲ ಕಲಿಯುವವಳೊಬ್ಬಳ ಮನೆ ಜಗಳ ಬಿಡಿಸುತ್ತಾ ಅವಳ ಮೈದುನನಿಗೂ ಹೇಳಿಬಿಟ್ಟರು. ಅವನಿಗೆ ಅರ್ಥವಾಯಿತೋ ಇಲ್ಲವೋ, ತಲೆ ಮಾತ್ರ ತಗ್ಗಿಸಿದ.

ಸ್ಟೆಪ್ನಿ ಸ್ಟೆಪ್ನಿ ಎಂದು ದಿನವಿಡೀ ಅನ್ನುತ್ತಿದ್ದುದಕ್ಕೆ ಟೀ ಅಂಗಡಿಯ ಮುಂದೆ ಕೂರುವ ಕೆಲವರು ಅವರಿಗೆ 'ಸ್ಟೆಪ್ನಿ ಮೇಡಂ' ಎಂದು ಹೆಸರಿಟ್ಟಿದ್ದರು. ಆ ಮಾತಿಗೆ ನಮ್ಮ ಕಡೆ ಇಟ್ಟುಕೊಂಡವಳು ಎಂಬ ಕೆಟ್ಟ ಅರ್ಥವೂ ಇದೆ. ನಮಗೆಲ್ಲ ಮೈ ಉರಿಯುತ್ತಿತ್ತು. ಒಂದು ದಿನ ಒಬ್ಬ ಅವರಿಗೆ ಕೇಳುವ ಹಾಗೇ ಕೂಗಿದ. ಅಕ್ಕ ನನಗೆ ಗಾಡಿ ನಿಲ್ಲಿಸಲು ಹೇಳಿ, ಇಳಿದು, ಅವನ ಮುಂದೆ ಹೋಗಿ ನಿಂತರು.

"ಯಾವ್ದಪ್ಪ ನಿನ್ ಗಾಡಿ?"

ಅವನು ಒಂದು ವ್ಯಾನು ತೋರಿಸಿದ.

"ಸ್ಟೆಪ್ನಿಲಿ ಗಾಳಿ ನೋಡಿ ಎಷ್ಟ್ ದಿನ ಆಯ್ತು?"

ಪಕ್ಕದವನು ಕಿಸಕ್ಕನೆ ನಕ್ಕ. ಅಕ್ಕ ಹೋಗಿ ವ್ಯಾನಿನ ಹಿಂದೆ ಬಗ್ಗಿ ಟಯರನ್ನು ಬೆರಳಿನಿಂದ ಒತ್ತಿದರು. ಒದ್ದೆ ಚಪಾತಿ ಹಿಟ್ಟಿನ ಹಾಗಿತ್ತು. "ಮೊದ್ಲು ಗಾಳಿ ಹೊಡ್ಸು. ಆಮೇಲೆ ನನ್ನ ಏನ್ ಬೇಕಾದ್ರೂ ಕರಿ, ಬತ್ತೀನಿ" ಎಂದು ಬಂದು ಕೂತರು. ಅವರಿಗೆ ಸಿಟ್ಟು ಬಂದಿತ್ತೆಂದು ನನಗೆ ಗೊತ್ತಾದದ್ದು, ಅವರು ನನ್ನ ಕ್ಲಚ್ಚಿನ ಮೇಲೆ ಅದನ್ನು ತೀರಿಸಿಕೊಂಡಾಗ.

ಹೌದು, ಬೈಯುತ್ತಿದ್ದರು. ಹೊಗಳುವುದರಲ್ಲಿ ಜಿಪುಣರು. ನಾನು ಕೆ.ಆರ್. ನಗರದ ಸಂತೆ ದಿನದ ನೂಕುನುಗ್ಗಲಿನಲ್ಲಿ ಯಾರಿಗೂ ತಗುಲಿಸದೆ ಗಾಡಿ ದಾಟಿಸಿದ ದಿನ, ಏನಾದರೂ ಹೇಳುತ್ತಾರೆಂದು ಕಾದೆ. "ಹಾರನ್ ಜಾಸ್ತಿ ಆಯ್ತು" ಅಂದರು. ಲೈಸೆನ್ಸ್ ಪರೀಕ್ಷೆಗೆ ಯಾರನ್ನು ಯಾವಾಗ ಕಳಿಸಬೇಕೆಂಬುದು ಅವರದೇ ತೀರ್ಮಾನ. ಒಬ್ಬಾಕೆಯ ಗಂಡ ಬಂದು, "ಎಲ್ಲಾ ಬತ್ತದಲ್ಲ ಅವಳ್ಗೆ, ಬರೀ ಟಯರ್ ಬಿಚ್ಚಕ್ ಬರಲ್ಲ ಅಂತ ಕಳಿಸ್ತಿಲ್ವಂತೆ! ಪರೀಕ್ಷೆಲಿ ಅದನ್ನ ಯಾರ್ ಕೇಳ್ತಾರೆ?" ಎಂದು ಕೂಗಾಡಿದ. "ಪರೀಕ್ಷೇಲಿ ಕೇಳಲ್ಲ. ರೋಡು ಕೇಳ್ತದೆ" ಅಂದರು. ಅವನು ಹೆಂಡತಿಯನ್ನು ಬಿಡಿಸಿಕೊಂಡು ಬೇರೆ ಕಡೆ ಸೇರಿಸಿದ. ಅಕ್ಕ ಒಂದು ವಾರ ಮಂಕಾಗಿದ್ದರು. ಪಾಪ, ಅವಳು ಕಲಿಯುವ ಆಸೆಯವಳು, ಅವರ ಹಟದಿಂದ ಹೋದಳು ಎಂದು ನಾನು ಹೇಳಿದ್ದಕ್ಕೆ, "ಹೌದು ಕಣವ್ವ, ನಂದು ಒಂದೊಂದ್ ಸಲ ಅತಿ ಆಯ್ತದೆ" ಎಂದು ಒಪ್ಪಿಕೊಂಡರು. ಆದರೆ ನಿಯಮ ಬದಲಾಗಲಿಲ್ಲ.

ಇಷ್ಟು ಹಟಕ್ಕೆ ಒಂದು ಕಾರಣ ಇರಲೇಬೇಕೆಂದು ನಾವೆಲ್ಲ ನಂಬಿದ್ದೆವು. ಅವರ ತಂದೆ ಲಾರಿಯಡಿ ಸಿಕ್ಕಿ ಸತ್ತರು ಎಂದು ಒಬ್ಬಳು. ತಂದೆಯಲ್ಲ ತಮ್ಮ ಎಂದು ಇನ್ನೊಬ್ಬಳು. ಸ್ವೆಟರ್ ಅಂಗಡಿಯವಳು ಮಾತ್ರ, ಗಂಡನೇ ಹೋಗಿದ್ದು, ಜಾಕು ಜಾರಿ, ಎಂದು ಕಣ್ಣಲ್ಲಿ ನೀರು ತುಂಬಿಕೊಂಡು ಹೇಳಿದಳು. ನಾವು ಆ ವಿಷಯ ಅಕ್ಕನ ಮುಂದೆ ಎತ್ತಬಾರದೆಂದು ಮಾತಾಡಿಕೊಂಡೆವು. ಅವರು ಜಾಕು ಹಿಡಿದಾಗ ನಾವು ಒಂಥರಾ ಮೌನ ಆಚರಿಸುತ್ತಿದ್ದೆವು.

ಯುಗಾದಿಯ ಮಾರನೇ ದಿನ ಬೆಟ್ಟದಪುರದ ಹತ್ತಿರದ ಅವರ ಹಳ್ಳಿಗೆ ಹೋದೆ. ಹೊಗೆಸೊಪ್ಪಿನ ಸಸಿಮಡಿಗೆ ನೀರು ಹಾಕುತ್ತಿದ್ದ ಒಬ್ಬ ಉದ್ದನೆಯ ಗಂಡಸು ಕೈ ತೊಳೆದುಕೊಂಡು ಬಂದು, "ಬನ್ನಿ ಬನ್ನಿ, ಕೂತ್ಕಳಿ, ಅವ್ಳು ಹಟ್ಟಿ ಹಿಂದೆ ಅವ್ಳೆ" ಎಂದು ತಟ್ಟೆ ತುಂಬ ಒಬ್ಬಟ್ಟು ತಂದಿಟ್ಟರು. ನೀವು ಯಾರೆಂದು ಕೇಳಿದೆ.

"ನಾನೇ ಅವಳ ಯಜಮಾನ," ಅಂದರು.

ಕಚ್ಚಿದ ಒಬ್ಬಟ್ಟನ್ನು ತಟ್ಟೆಗೇ ವಾಪಸು ಇಟ್ಟೆ. ಅಕ್ಕ ಬಂದಮೇಲೆ ತಡೆಯಲಾರದೆ ಎಲ್ಲ ಹೇಳಿಬಿಟ್ಟೆ. ಅವರು ಸೆರಗಿನಿಂದ ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. "ಏನ್ರೀ, ಕೇಳಿಸ್ಕಂಡ್ರಾ? ನೀವು ಸತ್ತೋಗಿದ್ದೀರಂತೆ!" ಯಜಮಾನರು ಹಿತ್ತಲಿನಿಂದಲೇ, "ತಿಥಿ ಊಟ ಯಾವತ್ತಂತೆ?" ಅಂದರು.

"ಹಂಗಾದ್ರೆ ಯಾರು ಅಕ್ಕ ಜಾಕಿನಡಿ ಸತ್ತಿದ್ದು?"

ಅಕ್ಕನ ನಗು ನಿಂತಿತು. "ಯಾರೂ ಸತ್ತಿಲ್ಲ. ನಂಗೆ ಬುದ್ಧಿ ಬರಾಕೆ ಯಾರಾರ ಸಾಯ್ಲೇಬೇಕಾ?"

ಅವರೇ ಮುಂದುವರಿಸಿದರು. ಅವರ ಅಪ್ಪ ಎತ್ತಿನ ಗಾಡಿ ಹೊಡೆಯುತ್ತಿದ್ದರು. ಸೌದೆ, ಹುಲ್ಲು, ರಾಗಿ ಚೀಲ, ಹೊಗೆಸೊಪ್ಪು, ಯಾವುದಾದರೂ ಸರಿ, ಗಾಡಿ ನಿಂತ ತಕ್ಷಣ ಮಗಳು ಇಳಿದು ಓಡಿಹೋಗಿ ಚಕ್ರಕ್ಕೆ ಕಲ್ಲು ಕೊಡಬೇಕು. ಆಮೇಲೆ ಎತ್ತಿನ ಕೊರಳು ಬಿಚ್ಚುವುದು. ಅಪ್ಪ ತೊಂಬತ್ತು ತುಂಬುವ ಹೊತ್ತಿಗೆ, ಹಾಸಿಗೆಯ ಮೇಲೆ, ಸುಖವಾಗಿ ಸತ್ತರು. "ನಮ್ಮಪ್ಪನ ಎತ್ತು ಯಾವತ್ತೂ ಕಾಲ್ ಮುರ್ಕಳ್ಳಿಲ್ಲ. ಅದ್ನ ನೋಡಿ ಕಲ್ತೆ. ಕೆಟ್ಟದ್ದಾದ್ರೆ ಮಾತ್ರ ಕಲೀಬೇಕು ಅಂತ ಎಲ್ ಬರ್ದದೆ?"

ಇಷ್ಟೆಲ್ಲ ಹೇಳಿದ ಮೇಲೆ ಆ ಶ್ರಾವಣದ ಭಾನುವಾರದ ಕತೆ ಹೇಳಲೇಬೇಕು.

ನನ್ನ ಪಾಠ ಮುಗಿಯುತ್ತಾ ಬಂದಿತ್ತು. ಪಿರಿಯಾಪಟ್ಟಣದಿಂದ ಬೆಟ್ಟದಪುರದ ಕಡೆಗೆ ನಾನೇ ಓಡಿಸುತ್ತಿದ್ದೆ, ಅಕ್ಕ ಎಡಗಡೆ. ಬೆಳಗಿನ ಜಾವ ಮಳೆ ಬಂದು ಬಿಟ್ಟಿತ್ತು. ರಸ್ತೆಯ ಎರಡೂ ಕಡೆ ಹೊಗೆಸೊಪ್ಪಿನ ಹೊಲ, ಅಲ್ಲಲ್ಲಿ ಸೊಪ್ಪು ಬೇಯಿಸುವ ಬ್ಯಾರನ್ನುಗಳ ಹೊಗೆ. ಒಂದು ಸಣ್ಣ ಇಳಿಜಾರಿನಲ್ಲಿ, ರಸ್ತೆಯಂಚಿನ ಮಣ್ಣಿನ ಮೇಲೆ ಒಂದು ಬಿಳಿ ಕಾರು ಓರೆಯಾಗಿ ನಿಂತಿತ್ತು. ಮದುವೆಗೆ ಹೊರಟವರು. ರೇಷ್ಮೆ ಸೀರೆ ಉಟ್ಟ ಹೆಂಡತಿ ಕಂಕುಳಲ್ಲಿ ಕೂಸು ಹಿಡಿದು ರಸ್ತೆಯಲ್ಲೇ ನಿಂತಿದ್ದಳು. ಹಿಂದಿನ ಸೀಟಿನಲ್ಲಿ ಒಬ್ಬ ಅಜ್ಜಿ ಕೂತೇ ಇದ್ದರು. ಮುಂದಿನ ಒಂದು ಚಕ್ರ ಕಳಚಿ ಪಕ್ಕಕ್ಕೆ ಬಿದ್ದಿತ್ತು. ಚಕ್ರವಿಲ್ಲದ ಕಡೆಯಿಂದ ನಮ್ಮಿಬ್ಬರಿಗೆ ಕಾಣುತ್ತಿದ್ದುದು ಎರಡು ಕಾಲುಗಳು ಮಾತ್ರ. ಉಳಿದ ಮನುಷ್ಯ ಕಾರಿನ ಕೆಳಗಿದ್ದ.

"ನಿಲ್ಸು," ಅಂದರು ಅಕ್ಕ. ದನಿ ಏರಿಸಲಿಲ್ಲ.

ನಾನು ನಿಲ್ಲಿಸುವಷ್ಟರಲ್ಲಿ ಬಾಗಿಲು ತೆಗೆದಿದ್ದರು. ಓಡಲಿಲ್ಲ, ಕೂಗಲಿಲ್ಲ, ದೊಡ್ಡ ಹೆಜ್ಜೆ ಹಾಕಿ ನಡೆದರು. ಆ ಹೆಂಗಸು ಏನೋ ಕೇಳುವ ಮೊದಲೇ ಕುಕ್ಕರುಗಾಲಲ್ಲಿ ಕೂತು, ಆ ಎರಡು ಕಾಲನ್ನೂ ಹರಡಿನ ಹತ್ತಿರ ಹಿಡಿದು, ಹಿಂದಕ್ಕೆ ವಾಲಿ ಎಳೆದುಬಿಟ್ಟರು. ಮನುಷ್ಯ ಬೆನ್ನ ಮೇಲೆ ಜಾರಿಕೊಂಡು ಹೊರಗೆ ಬಂದ. ಹೊಸ ರೇಷ್ಮೆ ಅಂಗಿ ಪರ್ರೆಂದು ಹರಿದು ಎರಡಾಯಿತು.

"ಯಾವ್ಳೇ ಅದು! ಏನ್ ಬಂದೈತೆ ನಿಂಗೆ!" ಅವನು ಎದ್ದು ನಿಂತು ಬೈಯತೊಡಗಿದ. ಕೈಯಲ್ಲಿ ಒಂದು ನಟ್ಟು. ಅದು ಉರುಳಿ ಒಳಗೆ ಹೋಗಿತ್ತಂತೆ, ತೆಗೆಯಲು ನುಗ್ಗಿದ್ದನಂತೆ. ಹೆಂಡತಿಯೂ ಸೇರಿಕೊಂಡಳು. "ಮದ್ವೆ ಮನೆಗೆ ಹೋಗೋ ಅಂಗಿ ಹರಿದಾಕ್ಬುಟ್ರಲ್ಲ! ಯಾರ್ರೀ ನೀವು?"

ಅಕ್ಕ ಇನ್ನೂ ನೆಲದ ಮೇಲೆ ಕೂತಿದ್ದರು, ಎದ್ದಿರಲಿಲ್ಲ. ಮಗ ಯಾರ ಮೇಲೋ ಕೂಗುತ್ತಿರುವುದು ಕೇಳಿ ಹಿಂದಿನ ಸೀಟಿನ ಅಜ್ಜಿ ಗಾಬರಿಯಾಗಿ, "ಏನ್ಲಾ ಅದು, ಏನಾಯ್ತ್ಲಾ?" ಎನ್ನುತ್ತಾ ಈ ಕಡೆಯ ಬಾಗಿಲಿಗೆ ಸರಿದರು.

ಅಷ್ಟೇ. ಒದ್ದೆ ಮಣ್ಣಿನಲ್ಲಿ ಜಾಕು ಓರೆಯಾಯಿತು. ಕಾರು ಒಂದು ಗೇಣು ಮುಂದಕ್ಕೆ ಜರುಗಿ ಧಡ್ ಎಂದು ಕೂತಿತು. ಚಕ್ರ ಕೂರುವ ಕಬ್ಬಿಣದ ಬಿಲ್ಲೆ ಮಣ್ಣಿನೊಳಕ್ಕೆ ಹೂತುಹೋಯಿತು. ಅಂಗಿಯ ಒಂದು ಚೂರು ಅದರಡಿ ಸಿಕ್ಕಿಕೊಂಡಿತ್ತು.

ಬ್ಯಾರನ್ನಿನ ಕಡೆಯಿಂದ ಸೌದೆ ಒಡೆಯುವ ಸದ್ದು ಬರುತ್ತಿತ್ತು. ಅವನು ಆ ಚೂರು ಬಟ್ಟೆಯನ್ನು ನೋಡಿದ, ಆಮೇಲೆ ತನ್ನ ಎದೆಯನ್ನು ನೋಡಿಕೊಂಡ. ನಿಂತಲ್ಲೇ ಕೂತುಬಿಟ್ಟ. ಹೆಂಡತಿ ಕೂಸನ್ನು ಒತ್ತಿ ಹಿಡಿದುಕೊಂಡಳು. ಕೂಸು ಅಳತೊಡಗಿತು.

ಮೊದಲು ಅಲುಗಾಡಿದವರು ಅಕ್ಕ. "ಅಜ್ಜೀ, ಅಲ್ಲೇ ಕೂತಿರಿ, ಅಳ್ಳಾಡ್ಬೇಡಿ" ಎಂದು ಹೇಳಿ ನನ್ನ ಕಡೆ ತಿರುಗಿದರು. "ಕಲ್ಲು ತಕಬಾ." ನಾನು ಗೋಣಿಚೀಲ ತಂದೆ. ಉಳಿದ ಚಕ್ರಗಳಿಗೆ ಕಲ್ಲು ಕೊಟ್ಟರು. ಆಮೇಲೆ ಆಚೆ ಬಾಗಿಲು ತೆಗೆದು, ಅಜ್ಜಿಯ ಕಂಕುಳಿಗೆ ಕೈಕೊಟ್ಟು, ಕೂಸನ್ನು ಇಳಿಸುವ ಹಾಗೆ ಇಳಿಸಿದರು. ಅವರಿಗೇನೂ ಆಗಿರಲಿಲ್ಲ. ನಮ್ಮ ನೀರಿನ ಬಾಟಲಿಯನ್ನು ಮೊದಲು ಅಜ್ಜಿಗೆ, ಆಮೇಲೆ ಮಗನಿಗೆ ಕೊಡಿಸಿದರು.

ಬ್ಯಾರನ್ನಿನಿಂದ ಮೂರು ನಾಲ್ಕು ಜನ ಗಂಡಸರು ಓಡಿ ಬಂದರು. ನಾಲ್ಕು ಕೈ ಹಾಕಿ ಎತ್ತಿಬಿಡೋಣ ಎಂದು ಮುಂದಾದರು. "ಯಾರೂ ಕೈ ಹಾಕಂಗಿಲ್ಲ!" ಈಗ ಅಕ್ಕನ ದನಿ ಏರಿತು. ಒಂದು ಉದ್ದನೆಯ ಸೌದೆ ಮರ ತರಿಸಿದರು. ಒಂದು ದಪ್ಪ ದಿಮ್ಮಿಯ ಮೇಲೆ ಅದನ್ನು ಇಟ್ಟು, ತುದಿಯನ್ನು ಗುರುತಿನ ಜಾಗಕ್ಕೆ ಕೊಟ್ಟು, ಗಂಡಸರು ಆಚೆ ತುದಿಯನ್ನು ಒತ್ತಿದರು. ಕಾರು ನಿಧಾನವಾಗಿ ಎದ್ದಿತು. ಅಕ್ಕ ಪಂಚರಾದ ಟಯರನ್ನು ಮಲಗಿಸಿ, ಕೈಯಿಂದಲ್ಲ, ಕೋಲಿನಿಂದ ಅಂಚಿನಡಿಗೆ ತಳ್ಳಿದರು. "ಇಳ್ಸಿ." ಕಾರು ಟಯರಿನ ಮೇಲೆ ಕೂತಿತು. ಹಲಗೆ ಹಾಕಿ, ನಮ್ಮ ಜಾಕು ಕೊಟ್ಟರು.

ಆಮೇಲೆ ಅವರು ಮಾಡಿದ್ದನ್ನು ನಾನು ಈಗಲೂ ನೆನೆಸಿಕೊಳ್ಳುತ್ತೇನೆ. ಅವನಿಗೆ ಒಂದು ಮಾತು ಬುದ್ಧಿ ಹೇಳಲಿಲ್ಲ. ಅವನ ಹತ್ತಿರ ಹೋಗಿ, ಭುಜ ಮುಟ್ಟಿ, "ಏಳಪ್ಪ. ಬಾ, ಸ್ಟೆಪ್ನಿ ನೀನೇ ಹಾಕು," ಅಂದರು.

"ನಂಗಾಗಲ್ಲ ಅವ್ವ. ಕೈ ನಡುಗ್ತೈತೆ."

"ನಡುಗ್ಲಿ. ಇವತ್ತು ಹಾಕ್ದೆ ಹೋದ್ರೆ ಇನ್ ಯಾವತ್ತೂ ನೀನು ಮುಟ್ಟಲ್ಲ. ನಾನಿಲ್ಲೇ ಇರ್ತೀನಿ."

ಅವನು ಹಾಕಿದ. ಅಕ್ಕ ಪಕ್ಕದಲ್ಲಿ ಕೂತು ಒಂದೊಂದೇ ನಟ್ಟು ಕೈಗೆ ಕೊಟ್ಟರು. ಕೆಳಗಿನ ಟಯರು ಎಳೆದು, ಕಾರನ್ನು ಇಳಿಸಿ, ನಟ್ಟುಗಳನ್ನು ಎದುರುಬದುರಾಗಿ ಬಿಗಿ ಮಾಡಿಸಿದರು. ಎಲ್ಲ ಮುಗಿದ ಮೇಲೆ ಅವನು ಬಗ್ಗಿ ಅವರ ಕಾಲು ಮುಟ್ಟಲು ಹೋದ. ಅಕ್ಕ ಹಿಂದಕ್ಕೆ ಸರಿದರು. "ಬುಡು ಬುಡು. ಆಗ್ಲೇ ನಾನೇ ನಿನ್ ಕಾಲ್ ಹಿಡ್ಕಂಡಾಯ್ತಲ್ಲ." ಅಜ್ಜಿ ಮೊದಲು ನಕ್ಕರು, ನಗುತ್ತಲೇ ಅಳತೊಡಗಿದರು. ಅಕ್ಕ ತಮ್ಮ ಮೇಲಂಗಿ ಬಿಚ್ಚಿ ಅವನಿಗೆ ಕೊಟ್ಟರು. ಗಿಡ್ಡ ಅಂಗಿ, ತೋಳು ಅವನ ಮುಂಗೈಗೂ ಬರಲಿಲ್ಲ. ಹಾಗೇ ಹಾಕಿಕೊಂಡು ಮದುವೆಗೆ ಹೋದರು.

ನಾವು ಸ್ವಲ್ಪ ಮುಂದೆ ಒಂದು ಹೋಟೆಲಿನ ಮುಂದೆ ನಿಲ್ಲಿಸಿದೆವು. ಅಕ್ಕ ಕಾಫಿ ಲೋಟ ಎತ್ತಿದರು. ಅರ್ಧ ಮೇಜಿನ ಮೇಲೆ ಚೆಲ್ಲಿತು. ಕೆಳಗಿಟ್ಟರು. ಎರಡೂ ಕೈಯನ್ನು ತೊಡೆಯ ನಡುವೆ ಇಟ್ಟುಕೊಂಡು ಒತ್ತಿ ಹಿಡಿದರು.

"ನಂಗೂ ಭಯ ಆಯ್ತು ಕಣೇ," ಅಂದರು. ಅಲ್ಲಿಯವರೆಗೆ ಕಣವ್ವ ಎನ್ನುತ್ತಿದ್ದವರು ಅವತ್ತು ಮೊದಲ ಸಲ ಕಣೇ ಅಂದರು.

"ಕೂಗಬಹುದಿತ್ತಲ್ಲ ಅಕ್ಕ, ಆಚೆ ಬಾ ಅಂತ?"

"ಕೂಗಿದ್ರೆ ಬೆಚ್ಚಿ ತಲೆ ಎತ್ತಿರೋನು. ತಲೆ ಗಾಡಿಗ್ ಬಡಿದಿರೋದು. ಗಾಡಿ ಜಗ್ಗಿರೋದು." ಚೆಲ್ಲಿದ ಕಾಫಿ ನೋಡುತ್ತಾ, "ಇಷ್ಟ್ ವರ್ಸ ಹೇಳ್ತಾನೇ ಇದ್ದೆ. ನಿಜವಾಗ್ಲೂ ಬೀಳದ್ನ ಇವತ್ತೇ ನೋಡಿದ್ದು," ಅಂದರು. ನಾನು ಲೋಟ ಹಿಡಿದು ಅವರ ಬಾಯಿಗೆ ಕೊಟ್ಟೆ. ಕುಡಿದರು.

ಲೈಸೆನ್ಸ್ ಬಂತು. ನಾನು ದಿನಾ ಎಚ್.ಡಿ. ಕೋಟೆ ಕಡೆಗೆ ಒಬ್ಬಳೇ ಹೋಗಿ ಬರತೊಡಗಿದೆ. ಒಂದು ಮಧ್ಯಾಹ್ನ ಕಾಡಂಚಿನ ರಸ್ತೆಯಲ್ಲಿ ಹಿಂದಿನ ಟಯರು ಪಂಚರಾಯಿತು. ಆನೆ ದಾಟುವ ಜಾಗ ಅದು. ಹಿಂದಿನ ಸೀಟಿನಲ್ಲಿ ತಾಲ್ಲೂಕು ಆಸ್ಪತ್ರೆಗೆ ತಲುಪಿಸಬೇಕಾದ ಕಫದ ಮಾದರಿಗಳ ಡಬ್ಬಿ. ನಾನು ಅಕ್ಕನಿಗೆ ಫೋನು ಮಾಡಿದೆ.

"ಎಲ್ಲಾ ಅದಲ್ಲ ಗಾಡೀಲಿ?"

"ಅದೆ ಅಕ್ಕ."

"ಮತ್ತೆ ನಾನ್ಯಾಕೆ?"

ಸಿಟ್ಟು ಬಂತು. ಆದರೆ ಅವರು ಫೋನು ಇಡಲಿಲ್ಲ. ನಾನು ಸ್ಪೀಕರಿಗೆ ಹಾಕಿ ಫೋನನ್ನು ಕಾರಿನ ಮೇಲಿಟ್ಟೆ. ಕಲ್ಲು ಕೊಟ್ಟೆ, ನಟ್ಟು ಸಡಿಲಿಸಿದೆ, ಜಾಕು ತಿರುಗಿಸಿದೆ. ಆ ಕಡೆಯಿಂದ ಒಂದು ಮಾತಿಲ್ಲ. ಅವರ ಹಿತ್ತಲಿನ ಕೋಳಿಗಳ ಸದ್ದು, ಯಜಮಾನರು ಯಾರನ್ನೋ ಕರೆಯುವುದು, ಒಮ್ಮೆ ಅವರ ಕೆಮ್ಮು. ನನಗೆ ಕಾಡಿನ ಕಡೆ ಬೆನ್ನು ಮಾಡಿ ಕೂರಲು ಅಷ್ಟೇ ಸಾಕಿತ್ತು. ಕೊನೆಯ ಸಾಮಾನು ಡಿಕ್ಕಿಗೆ ಹಾಕಿ ಬಾಗಿಲು ಬಡಿದೆ.

"ಕೋಟೆ ಮುಟ್ಟಿದ್ ಮೇಲೆ ನಟ್ಟು ಇನ್ನೊಂದ್ ಕಿತ ನೋಡು," ಎಂದು ಫೋನಿಟ್ಟರು.

ಅದಾದ ಕೆಲವು ವರ್ಷಗಳ ಮೇಲೆ ಅವರು ಒಂದು ದಿನ ಇದ್ದಕ್ಕಿದ್ದಂತೆ ಕಲಿಸುವುದನ್ನು ನಿಲ್ಲಿಸಿದರು. ಅಪಘಾತವೇನೂ ಆಗಿರಲಿಲ್ಲ. ರಸ್ತೆಯಲ್ಲಿ ಎಡಗಡೆಯಿಂದ ಒಂದು ಹಸು ಬಂದದ್ದು ಅವರಿಗೆ ಕಾಣಲಿಲ್ಲ, ಕಲಿಯುವವಳೇ ಬ್ರೇಕ್ ಹಾಕಿದಳು. ಮಾರನೇ ದಿನ ತರಬೇತಿ ಶಾಲೆಯ ಬಾಗಿಲಿಗೆ ಬೀಗ. ನಾನು ಹೋಗಿ ಬೇಡಿಕೊಂಡೆ, ಕನ್ನಡಕ ಬದಲಾಯಿಸಿದರೆ ಸರಿಹೋಗಬಹುದು, ದುಡುಕಬೇಡಿ ಎಂದೆ. "ಹಸುನೇ ಕಾಣ್ಲಿಲ್ಲ ಕಣೇ. ಮಗು ಆಗಿದ್ರೆ?" ಎಂದರು.

ಮೈಸೂರಿನ ಕಣ್ಣಿನ ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋದೆ. ಡಾಕ್ಟರು ಬಹಳ ಹೊತ್ತು ನೋಡಿದರು. ಹೋದ ದೃಷ್ಟಿ ಹೋಯಿತು, ಇರುವುದನ್ನು ಔಷಧಿ ಹಾಕಿ ಉಳಿಸಿಕೊಳ್ಳಬಹುದು ಎಂದರು. ಅಕ್ಕ ಕೇಳಿದ್ದು ಒಂದೇ ಪ್ರಶ್ನೆ, ಮತ್ತೆ ಗಾಡಿ ಓಡಿಸಬಹುದಾ ಎಂದು. ಡಾಕ್ಟರು ತಲೆಯಾಡಿಸಿದರು. "ಸರಿ ಸಾರ್" ಎಂದು ಎದ್ದರು.

ವಾಪಸು ಬರುವಾಗ ಸಂಜೆ ಬಿಸಿಲು ಎದುರಿಗಿತ್ತು. ಅಕ್ಕ ಎಡಗಡೆ ಬೆಲ್ಟ್ ಹಾಕಿಕೊಂಡು ನೆಟ್ಟಗೆ ಕೂತಿದ್ದರು. ಇದು ನನ್ನ ಕಾರು, ತರಬೇತಿ ಕಾರಿನಲ್ಲಿದ್ದ ಹಾಗೆ ಅವರ ಕಾಲಿನ ಕೆಳಗೆ ಎರಡನೇ ಬ್ರೇಕ್ ಇಲ್ಲ. ಆದರೂ ಮುಂದೆ ಬಸ್ಸು ನಿಂತಾಗಲೆಲ್ಲ ಅವರ ಬಲಗಾಲು ಬರೀ ಮ್ಯಾಟಿನ ಮೇಲೆ ಒತ್ತುತ್ತಿತ್ತು. ನಾನು ನೋಡಿಯೂ ನೋಡದ ಹಾಗಿದ್ದೆ. ಹುಣಸೂರು ದಾಟಿದೆವು. ಬೆಟ್ಟದಪುರದ ರಸ್ತೆಗೆ ಬಂದೆವು. ಒಂದು ಟ್ರ್ಯಾಕ್ಟರು ಅಡ್ಡ ಬಂತು, ನಾನು ನಿಧಾನಿಸಿದೆ. ಅವರ ಕಾಲು ಅಲುಗಲಿಲ್ಲ.

ತಿರುಗಿ ನೋಡಿದೆ. ಚಪ್ಪಲಿ ಬಿಟ್ಟು, ಕಾಲನ್ನು ಮೇಲಕ್ಕೆಳೆದು ಸೀಟಿನ ಮೇಲೆ ಮಡಿಚಿಕೊಂಡಿದ್ದರು. ತಲೆ ಕಿಟಕಿಗೆ ವಾಲಿತ್ತು. ಬಾಯಿ ಅರ್ಧ ತೆರೆದು ಗಾಢ ನಿದ್ದೆ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಕಲಿಯುವವರ ಪಕ್ಕದಲ್ಲಿ ಕಣ್ಣು ಬಿಟ್ಟುಕೊಂಡೇ ಕೂತಿದ್ದವರು.

ಅವರ ಹಳ್ಳಿಯ ತಿರುವು ಬಂತು. ದೂರದಲ್ಲಿ ಮನೆ ಮುಂದೆ ಯಜಮಾನರು ಕಾಯುತ್ತಾ ನಿಂತದ್ದು ಕಾಣಿಸಿತು. ನಾನು ಅವರಿಗೆ ಅಕ್ಕ ನಿದ್ದೆ ಮಾಡುತ್ತಿದ್ದಾರೆಂದು ಕೈಸನ್ನೆ ಮಾಡಿ, ತಿರುಗಿಸದೆ, ಬೆಟ್ಟದ ಕಡೆಗೆ ನಿಧಾನವಾಗಿ ನೇರ ಹೋದೆ.